ಮರಗೆಲಸದ ಮಷಿನ್ ಆಪರೇಟರ್ ಆಗಬೇಕಾ? ಸ್ವಿಚ್ ಒತ್ತುವ ಮೊದಲು ಇಷ್ಟು ಕಲಿಯಿರಿ

‘ಪ್ಯಾನೆಲ್ ಸಾ ಕಲಿತರೆ ಕೆಲಸ ಸಿಗುತ್ತಾ?’, ‘ಬಡಗಿ ಕೆಲಸ ಬರದೇ ಇದ್ದರೂ ಆಪರೇಟರ್ ಆಗಬಹುದಾ?’, ‘ನೇರವಾಗಿ ಸಿಎನ್‌ಸಿಗೇ ಹೋಗಬಹುದಾ?’ ಈ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತಿವೆ. (ಪ್ಯಾನೆಲ್ ಸಾ ಅಂದರೆ ದೊಡ್ಡ ಹಲಗೆ ಕತ್ತರಿಸುವ ಗರಗಸದ ಮಷಿನ್, ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಮಷಿನ್.) ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಷಿನ್‌ಗೆ ಹಲಗೆ ತಳ್ಳುವುದನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯುತ್ತಾರೆ. ಮಾಲೀಕರು ಸಂಬಳ ಕೊಡುವುದು ಅದಕ್ಕಲ್ಲ, ಸೆಟ್ಟಿಂಗ್‌ಗೆ. ಬ್ಲೇಡ್ ಯಾವುದು, ಎತ್ತರ ಎಷ್ಟು, ಅಳತೆಯಲ್ಲಿ ಎಷ್ಟು ಕಳೆಯಬೇಕು, ಯಾವ ಶಬ್ದ ಕೇಳಿದರೆ ಮಷಿನ್ ನಿಲ್ಲಿಸಬೇಕು ಅನ್ನುವುದೆಲ್ಲ ಗೊತ್ತಿದ್ದವರು ಆಪರೇಟರ್. ಗೊತ್ತಿಲ್ಲದವರು ಎಷ್ಟು ವರ್ಷ ಕಳೆದರೂ ಹೆಲ್ಪರ್ ಆಗಿಯೇ ಇರುತ್ತಾರೆ.

ಕೈಯಲ್ಲಿ ಏನಿರಬೇಕು

ಒಳ್ಳೆಯ ಅಳತೆ ಟೇಪು, ಡಿಜಿಟಲ್ ಕ್ಯಾಲಿಪರ್ (ದಪ್ಪ ಅಳೆಯುವ ಉಪಕರಣ), ಮೂಲೆಮಟ್ಟ, ಪೆನ್ಸಿಲ್, ಒಂದು ಚಿಕ್ಕ ನೋಟ್‌ಬುಕ್. ಹಿಂದಿ ಮಾತಾಡುವ ಮೇಸ್ತ್ರಿಗಳು ಮೂಲೆಮಟ್ಟಕ್ಕೆ ಗುಣಿಯಾ ಅನ್ನುತ್ತಾರೆ, ಕೇಳಿದರೆ ಗಾಬರಿ ಬೀಳಬೇಡಿ. ಇವುಗಳ ಜೊತೆ ಕನ್ನಡಕ, ಕಿವಿಗೆ ಇಯರ್‌ಮಫ್, ಎನ್95 ಮಾಸ್ಕ್, ಮುಂದೆ ಗಟ್ಟಿ ಇರುವ ಶೂ.

ಗ್ಲೌಸ್ ಈ ಪಟ್ಟಿಯಲ್ಲಿಲ್ಲ, ಬೇಕಂತಲೇ ಬಿಟ್ಟಿದ್ದೇನೆ. ತಿರುಗುವ ಬ್ಲೇಡಿನ ಹತ್ತಿರ ಗ್ಲೌಸ್ ಹಾಕಲೇಬಾರದು. ಬರಿಗೈಗೆ ತಗುಲಿದರೆ ಗಾಯ, ಗ್ಲೌಸ್ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹಲಗೆ ಹೊರುವಾಗ ಹಾಕಿಕೊಳ್ಳಿ, ಮಷಿನ್ ಮುಂದೆ ನಿಂತಾಗ ತೆಗೆಯಿರಿ. ಉಂಗುರ, ಕೈಗೆ ಕಟ್ಟಿದ ದಾರ, ಕುತ್ತಿಗೆಯ ಸರ, ಜೋಲಾಡುವ ದುಪಟ್ಟಾ, ಲುಂಗಿ, ಬಿಟ್ಟ ಕೂದಲು ಯಾವುದೂ ಬೇಡ. ದೇವಸ್ಥಾನದ ದಾರವಾದರೂ ಅಷ್ಟೇ, ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ.

1. ಯಾವ ದಾರಿ ಅಂತ ಮೊದಲು ತೀರ್ಮಾನಿಸಿ

ಮರದ ಮಷಿನ್ ಕೆಲಸದಲ್ಲಿ ಎರಡು ಲೋಕಗಳಿವೆ. ಒಂದು ಗಟ್ಟಿಮರದ್ದು: ತೇಗ, ಹೊನ್ನೆ, ಮತ್ತಿ, ಹಲಸು. ಬಾಗಿಲು, ಕಿಟಕಿ, ಚೌಕಟ್ಟು, ಮಂಚ. ಇಲ್ಲಿ ಬ್ಯಾಂಡ್ ಸಾ (ಪಟ್ಟಿಯಂಥ ಗರಗಸ), ರಂದದ ಮಷಿನ್, ಥಿಕ್‌ನೆಸರ್, ಸ್ಪಿಂಡಲ್ ಮೋಲ್ಡರ್ ಇರುತ್ತವೆ. ಇನ್ನೊಂದು ಹಲಗೆಯದ್ದು: ಪ್ಲೈವುಡ್, ಎಂಡಿಎಫ್ (ಮರದ ನುಣ್ಣನೆ ನಾರು ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್. ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಆಫೀಸ್ ಟೇಬಲ್. ಇಲ್ಲಿ ಪ್ಯಾನೆಲ್ ಸಾ, ಎಡ್ಜ್ ಬ್ಯಾಂಡರ್, ಬೋರಿಂಗ್ ಮಷಿನ್, ಸಿಎನ್‌ಸಿ ರೂಟರ್.

ಹೊಸಬರಿಗೆ ಹಲಗೆಯ ಕಡೆ ಬೇಗ ಕೆಲಸ ಸಿಗುತ್ತದೆ. ಬಡಗಿ ಕೆಲಸ ಗೊತ್ತಿರಲೇಬೇಕು ಅಂತಿಲ್ಲ, ಆದರೆ ಲೆಕ್ಕ ಸರಿಯಾಗಿ ಬರಬೇಕು. ಗಟ್ಟಿಮರದ ಕಡೆ ಕಲಿಯೋದು ನಿಧಾನ, ಅಪಾಯವೂ ಜಾಸ್ತಿ. ಆದರೆ ಅದನ್ನು ಚೆನ್ನಾಗಿ ಬಲ್ಲವರನ್ನು ಯಾವ ಮಾಲೀಕರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ನೇರವಾಗಿ ಸಿಎನ್‌ಸಿಗೆ ಹೋಗಬಹುದಾ? ಹೋಗಬಹುದು. ಆದರೆ ಪ್ಯಾನೆಲ್ ಸಾ ಮೇಲೆ ಆರು ತಿಂಗಳಾದರೂ ಕೆಲಸ ಮಾಡಿ ಹೋಗಿ ಅನ್ನುವುದು ನನ್ನ ಸಲಹೆ. ಹಲಗೆ ಎಲ್ಲಿ ಚಿಪ್ ಆಗುತ್ತದೆ (ಅಂಚು ಚೂರು ಚೂರಾಗಿ ಏಳುತ್ತದೆ), ಯಾಕೆ ಬಾಗುತ್ತದೆ ಅನ್ನುವುದು ಕಂಪ್ಯೂಟರ್ ಪರದೆ ನೋಡಿದರೆ ಗೊತ್ತಾಗುವುದಿಲ್ಲ.

2. ಎಲ್ಲಿ ಕಲಿಯುವುದು

ಐಟಿಐಯಲ್ಲಿ ಕಾರ್ಪೆಂಟರ್ ಟ್ರೇಡ್ ಒಂದು ವರ್ಷದ್ದು. ಕೈ ಉಪಕರಣ, ಜೋಡಣೆ, ನಕ್ಷೆ ಓದುವುದು ಅಲ್ಲಿ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಎಲ್ಲರೂ ಅದನ್ನು ಐಡಬ್ಲ್ಯೂಎಸ್‌ಟಿ ಅಂತಲೇ ಕರೆಯುತ್ತಾರೆ. ಅಲ್ಲಿನ ಸುಧಾರಿತ ಮರಗೆಲಸ ತರಬೇತಿ ಕೇಂದ್ರದಲ್ಲಿ ಆಧುನಿಕ ಮಷಿನ್‌ಗಳ ಮೇಲೇ ಕಲಿಸುತ್ತಾರೆ. ಅರ್ಜಿ ಯಾವಾಗ, ಶುಲ್ಕ ಎಷ್ಟು ಅನ್ನುವುದು ಬದಲಾಗುತ್ತಿರುತ್ತದೆ, ನೇರವಾಗಿ ಹೋಗಿ ಕೇಳಿ. ಬೆಂಗಳೂರು ಹೊರವಲಯದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಂಡಿಯಾವುಡ್ ಅನ್ನುವ ಮರಗೆಲಸ ಮಷಿನ್‌ಗಳ ಪ್ರದರ್ಶನ ನಡೆದಾಗ ಒಂದು ದಿನ ಹೋಗಿ ಬನ್ನಿ. ದೊಡ್ಡ ಕಂಪನಿಗಳ ಮಷಿನ್‌ಗಳು ಕಣ್ಣೆದುರೇ ಓಡುತ್ತಿರುತ್ತವೆ.

ಇದ್ಯಾವುದೂ ಆಗದಿದ್ದರೆ ಹೆಲ್ಪರ್ ಆಗಿ ಸೇರಿ. ಬಹಳ ಜನ ಬಂದಿರುವುದು ಆ ದಾರಿಯಲ್ಲೇ. ಸುಮ್ನೆ ಹಲಗೆ ಹಿಡಿಯುತ್ತ ನಿಲ್ಲಬೇಡಿ. ಆಪರೇಟರ್ ಬ್ಲೇಡ್ ಬದಲಿಸುವಾಗ ಪಕ್ಕದಲ್ಲಿರಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಕಲಿಸದ ಮೇಸ್ತ್ರಿಯ ಕೈಕೆಳಗೆ ಒಂದು ವರ್ಷದ ಮೇಲೆ ಇರಬೇಡಿ.

3. ಅಳತೆಯಲ್ಲಿ ಬ್ಲೇಡಿನ ಪಾಲು ಕಳೆಯಿರಿ

ಹೊಸಬರು ಅತಿ ಹೆಚ್ಚು ಹಲಗೆ ಹಾಳು ಮಾಡುವುದು ಇಲ್ಲಿ.

ಬ್ಲೇಡ್ ಕತ್ತರಿಸುವಾಗ ತನ್ನ ಹಲ್ಲಿನ ಅಗಲದಷ್ಟು ಮರವನ್ನು ಪುಡಿ ಮಾಡುತ್ತದೆ. ಇದಕ್ಕೆ ಕರ್ಫ್ ಅಂತ ಹೆಸರು. ಸಾಮಾನ್ಯ 300 ಮಿ.ಮೀ. ಬ್ಲೇಡಿನಲ್ಲಿ ಇದು 3.2 ಮಿ.ಮೀ., ಹೆಚ್ಚುಕಮ್ಮಿ ಒಂದು ನೂಲು. ಪ್ರತಿ ಕಟ್ಟಿಗೂ ಇಷ್ಟು ಹೋಗುತ್ತದೆ.

ಲೆಕ್ಕ ನೋಡಿ. ಎಂಟು ಅಡಿ ಹಲಗೆಯ ಉದ್ದ 2440 ಮಿ.ಮೀ. ಗ್ರಾಹಕರು ‘ಎರಡೆರಡು ಅಡಿಯ ನಾಲ್ಕು ತುಂಡು ಮಾಡಿ’ ಅಂದರು. ಬಾಯಿಲೆಕ್ಕಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಎರಡು ಅಡಿ ಅಂದರೆ 609.6. ಮೂರು ತುಂಡಿಗೆ 1828.8. ಮೂರು ಕಟ್ಟಿಗೆ 9.6. ಕೊನೆಗೆ ಉಳಿಯುವುದು 601.6. ಅಂದರೆ ನಾಲ್ಕನೇ ತುಂಡು 8 ಮಿ.ಮೀ. ಗಿಡ್ಡ. ಹಲಗೆಯ ಅಂಚು ಪೆಟ್ಟು ತಿಂದಿದ್ದರೆ ಅದನ್ನು ನೇರ ಮಾಡಲು ಇನ್ನೂ ಸ್ವಲ್ಪ ಹೋಗುತ್ತದೆ. ಹಾಗಾಗಿ ಕಟ್ ಮಾಡುವ ಮೊದಲೇ ಹೇಳಿಬಿಡಿ: ನಾಲ್ಕೂ ಸಮ ಬೇಕಿದ್ದರೆ 600 ಮಾಡೋಣ. ಕಟ್ ಆದ ಮೇಲೆ ಹೇಳಿದರೆ ಹಲಗೆಯ ದುಡ್ಡು ನಿಮ್ಮ ತಲೆಗೆ ಬರುತ್ತದೆ.

ಎಡ್ಜ್ ಬ್ಯಾಂಡ್ (ಹಲಗೆಯ ಅಂಚಿಗೆ ಅಂಟಿಸುವ ಪಿವಿಸಿ ಪಟ್ಟಿ) ಇದ್ದರೆ ಅದರ ದಪ್ಪವನ್ನೂ ಕಳೆಯಬೇಕು. ಸಿದ್ಧವಾದ ಶಟರ್ (ಕಪಾಟಿನ ಬಾಗಿಲು) 600 ಇರಬೇಕು, ಎರಡೂ ಕಡೆ 2 ಮಿ.ಮೀ. ಪಟ್ಟಿ ಅಂದರೆ ಕಟಿಂಗ್ ಸೈಜು 596. ನಿಮ್ಮ ಎಡ್ಜ್ ಬ್ಯಾಂಡರ್‌ನಲ್ಲಿ ಪ್ರಿ-ಮಿಲ್ಲಿಂಗ್ ಇದ್ದರೆ, ಅಂದರೆ ಅಂಟು ಹಚ್ಚುವ ಮೊದಲು ಅಂಚನ್ನು ತೆಳ್ಳಗೆ ಕೆರೆದು ನೇರ ಮಾಡುವ ಕಟರ್ ಇದ್ದರೆ, ಅದು ಕೆರೆಯುವಷ್ಟನ್ನು ವಾಪಸ್ ಸೇರಿಸಿ. ಒಂದೊಂದು ಕಡೆ 1 ಮಿ.ಮೀ. ಕೆರೆದರೆ 598. ಕಟಿಂಗ್ ಲಿಸ್ಟ್ ಕೈಗೆ ಬಂದ ಕೂಡಲೇ ಕೇಳಿ: ಇದು ಫಿನಿಶ್ ಸೈಜಾ, ಕಟಿಂಗ್ ಸೈಜಾ?

ದಪ್ಪವನ್ನೂ ನಂಬಬೇಡಿ. 18 ಮಿ.ಮೀ. ಅಂತ ಬರೆದ ಪ್ಲೈಗೆ ಕ್ಯಾಲಿಪರ್ ಹಿಡಿದರೆ 17.5 ತೋರಿಸುವುದು ಹೊಸದೇನಲ್ಲ. ಗಾಡಿ (ಇನ್ನೊಂದು ಹಲಗೆ ಕೂರಿಸುವ ತೋಡು) ಹೊಡೆಯುವ ಮೊದಲು ಅಳೆಯಿರಿ.

4. ಮರ ನೋಡಿ, ಆಮೇಲೆ ಮಷಿನ್

ಗಟ್ಟಿಮರವಾದರೆ ಮೂರು ವಿಷಯ ನೋಡಬೇಕು. ಮೊದಲನೆಯದು ತೇವ. ಮನೆಯೊಳಗಿನ ಪೀಠೋಪಕರಣಕ್ಕೆ ಮರದಲ್ಲಿ 8ರಿಂದ 12 ಶೇಕಡಾ ತೇವ ಇದ್ದರೆ ಒಳ್ಳೆಯದು, ಕರಾವಳಿಯಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ಇದನ್ನು ಅಳೆಯಲು ಮಾಯಿಶ್ಚರ್ ಮೀಟರ್ ಸಿಗುತ್ತದೆ. ಹಸಿ ಮರಕ್ಕೆ ಎಷ್ಟು ನೀಟಾಗಿ ರಂದ ಹೊಡೆದರೂ ಬೇಸಿಗೆ ಬಂದಾಗ ತಿರುಚಿಕೊಳ್ಳುತ್ತದೆ. ಬೈಗುಳ ಬರುವುದು ಆಪರೇಟರ್‌ಗೆ.

ಎರಡನೆಯದು ನಾರು. ಹಲಗೆಯ ಪಕ್ಕದಿಂದ ನೋಡಿ ನಾರು ಯಾವ ಕಡೆಗೆ ಏರುತ್ತಿದೆ ಅಂತ ಗುರುತಿಸಿ. ಅದಕ್ಕೆ ಎದುರಾಗಿ ರಂದಕ್ಕೆ ಕೊಟ್ಟರೆ ಮೇಲ್ಮೈ ಕಿತ್ತು ಬರುತ್ತದೆ. ಹಲಗೆ ತಿರುಗಿಸಿ ಕೊಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೂರನೆಯದು ಮೊಳೆ. ಹಳೆಯ ಮನೆಯ ತೊಲೆ, ರಸ್ತೆ ಬದಿಯ ಮರ, ತೋಟದ ಬೇಲಿಗೆ ಆಸರೆಯಾಗಿದ್ದ ಹಲಸು, ಇವುಗಳಲ್ಲಿ ಮೊಳೆ, ತಂತಿ ಹುದುಗಿರುತ್ತವೆ. ಮರದಲ್ಲಿ ಕಪ್ಪು-ನೀಲಿ ಕಲೆ ಕಂಡರೆ ಅಲ್ಲಿ ಕಬ್ಬಿಣ ಇರಬಹುದು ಅಂದುಕೊಳ್ಳಿ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಆಡಿಸಿ ನೋಡಿ. ಕಾರ್ಬೈಡ್ ಹಲ್ಲು ಮೊಳೆಗೆ ಬಡಿದರೆ ಮುರಿದು ಹಾರುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಮೊಳೆ ಇಲ್ಲದೆಯೂ ಬ್ಲೇಡ್ ಬೇಗ ಮೊಂಡಾಗುತ್ತದೆ, ಅದು ಬೇರೆ ಮಾತು.

5. ಪ್ಯಾನೆಲ್ ಸಾ ಸೆಟ್ಟಿಂಗ್

ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಬ್ಲೇಡ್ ಮುಟ್ಟಿ. ಸಾಧ್ಯವಾದರೆ ಸ್ವಿಚ್‌ಗೆ ಬೀಗ ಹಾಕಿ ಕೀ ಜೇಬಿನಲ್ಲಿಡಿ. ನೀವು ಒಳಗೆ ಕೈ ಹಾಕಿದ್ದು ಗೊತ್ತಿಲ್ಲದೆ ಬೇರೆಯವರು ಆನ್ ಮಾಡುವ ಅಪಾಯ ಎಲ್ಲ ವರ್ಕ್‌ಶಾಪಿನಲ್ಲೂ ಇದೆ.

ಬ್ಲೇಡ್ ಆಯ್ಕೆ: ಲ್ಯಾಮಿನೇಟ್ ಹಾಕಿದ ಹಲಗೆಗೆ ಹಲ್ಲು ಜಾಸ್ತಿ ಇರುವುದು, 300 ಮಿ.ಮೀ. ಬ್ಲೇಡಿನಲ್ಲಿ 96 ಹಲ್ಲು. ಗಟ್ಟಿಮರವನ್ನು ಉದ್ದಕ್ಕೆ ಸೀಳಲು ಹಲ್ಲು ಕಮ್ಮಿ, 24ರಿಂದ 40. ತಿರುವು ಮುರುವು ಮಾಡಿದರೆ ಮರ ಸುಟ್ಟು ಕರಕಲು ವಾಸನೆ ಬರುತ್ತದೆ. ಬ್ಲೇಡ್ ಹಿಡಿದಿರುವ ನಟ್ ಹಲವು ಮಷಿನ್‌ಗಳಲ್ಲಿ ಉಲ್ಟಾ ಥ್ರೆಡ್ಡಿನದ್ದು. ಬಿಚ್ಚಲು ಬರುತ್ತಿಲ್ಲ ಅಂತ ಪೈಪ್ ಹಾಕಿ ಎಳೆಯುವ ಮೊದಲು ಯಾವ ಕಡೆ ತಿರುಗಿಸುತ್ತಿದ್ದೀರಿ ನೋಡಿ. ಫ್ಲಾಂಜ್ (ಬ್ಲೇಡನ್ನು ಎರಡೂ ಕಡೆ ಒತ್ತಿ ಹಿಡಿಯುವ ಬಿಲ್ಲೆ) ಮೇಲೆ ಒಂದು ಚೂರು ಪುಡಿ ಕೂತಿದ್ದರೂ ಬ್ಲೇಡ್ ಅಲ್ಲಾಡುತ್ತದೆ. ಒರೆಸಿ ಹಾಕಿ.

ಸ್ಕೋರಿಂಗ್ ಬ್ಲೇಡ್: ಮುಖ್ಯ ಬ್ಲೇಡಿನ ಮುಂದೆ ಇರುವ ಚಿಕ್ಕ ಬ್ಲೇಡ್ ಇದು. ಉಲ್ಟಾ ತಿರುಗುತ್ತ ಹಲಗೆಯ ಕೆಳಭಾಗದಲ್ಲಿ 1ರಿಂದ 2 ಮಿ.ಮೀ. ಗೀರು ಹಾಕುತ್ತದೆ, ಅದರಿಂದ ಕೆಳಗಿನ ಲ್ಯಾಮಿನೇಟ್ ಚಿಪ್ ಆಗುವುದಿಲ್ಲ. ಎರಡೂ ಬ್ಲೇಡ್ ಒಂದೇ ಗೆರೆಯಲ್ಲಿರಬೇಕು. ಕಟ್ ಆದ ಎರಡು ತುಂಡುಗಳನ್ನೂ ಮಗುಚಿ ಕೆಳಗಿನ ಅಂಚು ನೋಡಿ. ಒಂದರಲ್ಲಿ ನೀಟು, ಇನ್ನೊಂದರಲ್ಲಿ ಚಿಪ್ ಇದ್ದರೆ ಸ್ಕೋರಿಂಗ್ ಪಕ್ಕಕ್ಕೆ ಸರಿದಿದೆ ಅಂತ ಅರ್ಥ. ಎರಡರಲ್ಲೂ ಚಿಪ್ ಇದ್ದರೆ ಆಳ ಸಾಲದು ಅಥವಾ ಹಲ್ಲು ಮೊಂಡಾಗಿದೆ.

ಮೂಲೆ ಪರೀಕ್ಷೆ: 600 ಗುಣಿಸು 800ರ ಒಂದು ತುಂಡು ಕತ್ತರಿಸಿ. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣ 1000 ಬರಬೇಕು. ಒಂದು 999, ಇನ್ನೊಂದು 1001 ಬಂದರೆ ಫೆನ್ಸ್ (ಹಲಗೆಯ ಅಂಚನ್ನು ತಾಗಿಸಿ ಹಿಡಿಯುವ ನೇರ ಪಟ್ಟಿ) ಸರಿ ಮಾಡದೆ ಮುಂದೆ ಹೋಗಬೇಡಿ.

ಎಲೆಕ್ಟ್ರಿಷಿಯನ್ ಬಂದು ವೈರಿಂಗ್ ಮುಟ್ಟಿ ಹೋದ ದಿನ ಇನ್ನೊಂದು ಕೆಲಸ ಇದೆ. ಥ್ರೀ ಫೇಸ್ ಮೋಟಾರಿನಲ್ಲಿ ಎರಡು ವೈರ್ ಅದಲುಬದಲಾದರೆ ಸಾಕು, ಬ್ಲೇಡ್ ಉಲ್ಟಾ ತಿರುಗುತ್ತದೆ. ಮರ ಇಡದೆ ಒಮ್ಮೆ ಆನ್ ಮಾಡಿ, ತಕ್ಷಣ ಆಫ್ ಮಾಡಿ, ತಿರುಗುವ ದಿಕ್ಕು ನೋಡಿ.

6. ಕಿಕ್‌ಬ್ಯಾಕ್: ಇದನ್ನು ಎರಡು ಸಲ ಓದಿ

ಬ್ಲೇಡಿನ ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಬರುತ್ತವೆ. ಮರ ಅಲ್ಲಿ ಸಿಕ್ಕಿಕೊಂಡರೆ ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ನಿಮಿಷಕ್ಕೆ 4000 ಸುತ್ತು ತಿರುಗುವ 300 ಮಿ.ಮೀ. ಬ್ಲೇಡಿನ ಹಲ್ಲು ಸೆಕೆಂಡಿಗೆ 60 ಮೀಟರಿಗಿಂತ ಜಾಸ್ತಿ ಓಡುತ್ತಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಷ್ಟೋ ಸಲ ಬೆರಳು ಹೋಗುವುದು ಮರ ಹಾರಿದ ಮೇಲೆ, ತಳ್ಳುತ್ತಿದ್ದ ಕೈ ಬ್ಲೇಡಿನ ಮೇಲೆ ಜಾರಿ.

ತಡೆಯುವುದು ಹೀಗೆ:

- ರೈವಿಂಗ್ ನೈಫ್ ತೆಗೆಯಬೇಡಿ. ಬ್ಲೇಡಿನ ಹಿಂದೆ ನಿಂತಿರುವ ಬಾಗಿದ ಉಕ್ಕಿನ ಪಟ್ಟಿ ಅದು, ಸೀಳಿದ ಮರ ಮತ್ತೆ ಮುಚ್ಚಿ ಬ್ಲೇಡನ್ನು ಹಿಚುಕದಂತೆ ತಡೆಯುತ್ತದೆ. ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು. ಹಲ್ಲಿನಿಂದ 8 ಮಿ.ಮೀ. ಒಳಗೆ ಇರಲಿ. ‘ಕೆಲಸಕ್ಕೆ ಅಡ್ಡ’ ಅಂತ ಬಿಚ್ಚಿ ಮೂಲೆಗೆ ಎಸೆದಿರುವ ವರ್ಕ್‌ಶಾಪುಗಳು ಬೇಕಾದಷ್ಟಿವೆ. ಅಲ್ಲಿ ಸೇರಿದರೆ ಮೊದಲ ದಿನವೇ ಹುಡುಕಿ ಹಾಕಿಸಿ.
- ಗಟ್ಟಿಮರ ಸೀಳುವಾಗ ಫೆನ್ಸನ್ನು ಹಿಂದಕ್ಕೆ ಎಳೆದು ಅದರ ತುದಿ ಬ್ಲೇಡಿನ ಮಧ್ಯದವರೆಗೆ ಮಾತ್ರ ಬರುವಂತೆ ಮಾಡಿ. ಆಮೇಲೆ ಮರ ಬಾಗಿದರೂ ಹೋಗಲು ಜಾಗ ಇರುತ್ತದೆ.
- ಅಡ್ಡ ಕಟ್ ಮಾಡುವಾಗ ತುಂಡಿನ ತುದಿ ಫೆನ್ಸಿಗೆ ತಾಗಿಕೊಂಡಿರಬಾರದು. ಬ್ಲೇಡ್ ಮತ್ತು ಫೆನ್ಸ್ ನಡುವೆ ಸಿಕ್ಕ ಗಿಡ್ಡ ತುಂಡು ಗುಂಡಿನಂತೆ ಹಾರುತ್ತದೆ.
- ಕೊನೆಯ 300 ಮಿ.ಮೀ.ಗೆ ಕೈ ಬೇಡ, ಪುಶ್ ಸ್ಟಿಕ್ ಬಳಸಿ. ಹಳೆ ಪ್ಲೈ ತುಂಡಿನಲ್ಲಿ ನೀವೇ ಒಂದು ಮಾಡಿಕೊಳ್ಳಬಹುದು.
- ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಹಿಂದೆ ಹಲಗೆ ಹಿಡಿಯುವ ಹೆಲ್ಪರ್ ಎಳೆಯಬಾರದು, ಬರಿ ಆಸರೆ ಕೊಡಬೇಕು.
- ಸಿಕ್ಕಿದ ಚೂರು ತೆಗೆಯಲು ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಫ್ ಮಾಡಿದ ಮೇಲೂ ಅದು ತಿರುಗುತ್ತಿರುತ್ತದೆ, ಶಬ್ದ ಮಾತ್ರ ಕಮ್ಮಿಯಾಗಿರುತ್ತದೆ.

ಹೀಗಿದ್ದೂ ಬೆರಳು ತುಂಡಾದರೆ: ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ, ಕೈ ಮೇಲಕ್ಕೆ ಎತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ. ಆ ಕವರನ್ನು ಐಸ್ ಹಾಕಿದ ನೀರಿನಲ್ಲಿಡಿ. ಬೆರಳನ್ನು ನೇರವಾಗಿ ಐಸಿನ ಮೇಲೆ ಇಡಬಾರದು. ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೆ ನೇರ ಹೋಗಿ. ನಿಮ್ಮ ವರ್ಕ್‌ಶಾಪಿನ ಹತ್ತಿರ ಅಂಥ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದು, ಫೋನ್ ನಂಬರನ್ನು ಗೋಡೆಗೆ ಅಂಟಿಸಿ.

7. ರಂದ, ಥಿಕ್‌ನೆಸರ್, ಸ್ಪಿಂಡಲ್

ರಂದದ ಮಷಿನ್ ಒಂದು ಮುಖವನ್ನು ಸಪಾಟು ಮಾಡುತ್ತದೆ. ಥಿಕ್‌ನೆಸರ್ ಆ ಮುಖವನ್ನು ನಂಬಿ ಇನ್ನೊಂದು ಮುಖವನ್ನು ಅದಕ್ಕೆ ಸಮ ಮಾಡುತ್ತದೆ. ಈ ಕ್ರಮ ತಪ್ಪಬಾರದು. ಸೊಟ್ಟ ಹಲಗೆಯನ್ನು ನೇರ ಥಿಕ್‌ನೆಸರ್‌ಗೆ ಕೊಟ್ಟರೆ ರೋಲರ್ ಅದನ್ನು ಒತ್ತಿ ಸಪಾಟು ಮಾಡಿ ಕಳಿಸುತ್ತದೆ, ಹೊರಗೆ ಬಂದ ಕೂಡಲೇ ಮತ್ತೆ ಸೊಟ್ಟಗೆ ಏಳುತ್ತದೆ. ದಪ್ಪ ಸಮ ಇರುತ್ತದೆ, ಸೊಟ್ಟ ಹಾಗೇ ಇರುತ್ತದೆ.

ರಂದಕ್ಕೆ ಕೊಡುವಾಗ ಹಳ್ಳ ಬಿದ್ದ ಮುಖ ಕೆಳಗಿರಲಿ. ಒಂದು ಸಲಕ್ಕೆ 1ರಿಂದ 1.5 ಮಿ.ಮೀ. ಸಾಕು. 300 ಮಿ.ಮೀ.ಗಿಂತ ಗಿಡ್ಡ ತುಂಡು ಬೇಡ, ಉದ್ದದ್ದನ್ನೇ ರಂದ ಹೊಡೆದು ಆಮೇಲೆ ಕತ್ತರಿಸಿ. ಅಂಗೈಯಿಂದ ನೇರ ಒತ್ತುವ ಬದಲು ಹಿಡಿ ಇರುವ ಪುಶ್ ಬ್ಲಾಕ್ ಬಳಸಿ.

ಸ್ಪಿಂಡಲ್ ಮೋಲ್ಡರ್ ಅಂದರೆ ಅಂಚಿಗೆ ಡಿಸೈನ್ ಹೊಡೆಯುವ, ನಿಂತ ಅಕ್ಷದ ಮಷಿನ್. ಇದನ್ನು ಬರಹ ಓದಿ ಕಲಿಯಬೇಡಿ. ಪವರ್ ಫೀಡರ್ (ಮರವನ್ನು ತಾನೇ ತಳ್ಳುವ ಚಕ್ರಗಳ ಪೆಟ್ಟಿಗೆ) ಇರುವ ಕಡೆ, ಬಲ್ಲವರು ಪಕ್ಕದಲ್ಲಿ ನಿಂತಿದ್ದಾಗ ಮಾತ್ರ ಮುಟ್ಟಿ.

8. ಎಡ್ಜ್ ಬ್ಯಾಂಡರ್ ಮತ್ತು ಸಿಎನ್‌ಸಿ

ಎಡ್ಜ್ ಬ್ಯಾಂಡರ್‌ನಲ್ಲಿ ತೊಂದರೆ ಬರುವುದು ಬಹುಪಾಲು ಅಂಟಿನಿಂದ. ಸಾಮಾನ್ಯ ಇವಿಎ ಅಂಟು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡುತ್ತದೆ. ಬಿಸಿಯಾಗುವ ಮೊದಲೇ ಶುರು ಮಾಡಿದರೆ ಪಟ್ಟಿ ಉಗುರಿಗೇ ಕಿತ್ತು ಬರುತ್ತದೆ. ಊಟಕ್ಕೆ ಹೋಗುವಾಗ ಪೂರ್ತಿ ಉರಿಯಲ್ಲಿ ಬಿಟ್ಟು ಹೋದರೆ ಅಂಟು ಕಂದು ತಿರುಗಿ ಹಿಡಿತ ಕಳೆದುಕೊಳ್ಳುತ್ತದೆ.

ಸಿಎನ್‌ಸಿಯಲ್ಲಿ ಹೊಸಬರು ಹೆದರಿ ಫೀಡ್ (ಟೂಲ್ ಮುಂದೆ ಸಾಗುವ ವೇಗ) ಕಮ್ಮಿ ಮಾಡುತ್ತಾರೆ. ಅದು ಉಲ್ಟಾ ಹೊಡೆಯುತ್ತದೆ. ನಿಧಾನ ಹೋದರೆ ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿಯಾಗಿ ಬೇಗ ಮೊಂಡಾಗುತ್ತದೆ. ಲೆಕ್ಕ ಸುಲಭ: ಸುತ್ತು ಗುಣಿಸು ಅಲಗಿನ ಸಂಖ್ಯೆ ಗುಣಿಸು ಪ್ರತಿ ಅಲಗು ತೆಗೆಯುವ ಚೂರಿನ ದಪ್ಪ. 18,000 ಸುತ್ತು, 2 ಅಲಗು, 0.2 ಮಿ.ಮೀ. ಅಂದರೆ ನಿಮಿಷಕ್ಕೆ 7.2 ಮೀಟರ್. ಚೂರು ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಹಿಟ್ಟಿನಂತೆ ನುಣ್ಣಗಿದ್ದರೆ ಫೀಡ್ ಸಾಲದು. ಎಂಡಿಎಫ್‌ಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಅದು ಹೇಗೂ ಹಿಟ್ಟೇ.

ಟೂಲ್ ಬದಲಿಸಿದಾಗಲೆಲ್ಲ ಅದರ ಉದ್ದ ಮತ್ತೆ ಅಳೆಸಿ. ಹೊಸ ಪ್ರೋಗ್ರಾಮನ್ನು ಮೊದಲು ಹಲಗೆಗಿಂತ ಮೇಲೆ, ಗಾಳಿಯಲ್ಲಿ ಓಡಿಸಿ ನೋಡಿ. ಓಡುತ್ತಿರುವಾಗ ಟೀಗೆ ಹೋಗಬೇಡಿ. ಟೂಲ್ ಒಂದೇ ಕಡೆ ನಿಂತು ಉಜ್ಜಿದರೆ ಹಲಗೆಗೆ ಬೆಂಕಿ ಹತ್ತುತ್ತದೆ, ಡಸ್ಟ್ ಪೈಪು ಆ ಕಿಡಿಯನ್ನು ಪುಡಿಯ ಚೀಲಕ್ಕೇ ಎಳೆದುಕೊಂಡು ಹೋಗುತ್ತದೆ.

9. ಪುಡಿ ಮತ್ತು ಶಬ್ದ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೀಟೆಯ ಪುಡಿ ಕೆಲವರಿಗೆ ಚರ್ಮದ ಮೇಲೆ ತುರಿಕೆ ಎಬ್ಬಿಸುತ್ತದೆ. ಟವೆಲ್ ಕಟ್ಟಿಕೊಂಡರೆ ಸಣ್ಣ ಪುಡಿ ನಿಲ್ಲುವುದಿಲ್ಲ, ಮಾಸ್ಕ್ ಬೇಕೇ ಬೇಕು. ಸಂಜೆ ಏರ್ ಗನ್ನಿನಿಂದ ಮೈ ಮೇಲಿನ ಪುಡಿ ಊದಿಕೊಳ್ಳುವ ಅಭ್ಯಾಸ ಬಿಡಿ, ಅದು ನೆಲದ ಪುಡಿಯನ್ನೂ ಎಬ್ಬಿಸಿ ಮೂಗಿಗೆ ತರುತ್ತದೆ. ಶಬ್ದಕ್ಕೆ ಎಂಟು ಗಂಟೆಯ ಪಾಳಿಗೆ ಮಿತಿ 90 ಡೆಸಿಬಲ್. ರಂದದ ಮಷಿನ್ ಅದನ್ನು ಆರಾಮಾಗಿ ದಾಟುತ್ತದೆ.

10. ಕೆಲಸಕ್ಕೆ ಸೇರುವ ದಿನ

ಸಾಮಾನ್ಯವಾಗಿ ಟ್ರಯಲ್ ಕೊಡುತ್ತಾರೆ. ಒಂದು ಹಲಗೆ, ಒಂದು ಕಟಿಂಗ್ ಲಿಸ್ಟ್. ಕೂಡಲೇ ಕತ್ತರಿಸಲು ಹೋಗಬೇಡಿ. ಲಿಸ್ಟ್ ಓದಿ, ಫಿನಿಶ್ ಸೈಜಾ ಕೇಳಿ, ಬ್ಲೇಡ್ ನೋಡಿ, ವೇಸ್ಟ್ ತುಂಡಿನಲ್ಲಿ ಒಂದು ಕಟ್ ಹಾಕಿ ಮೂಲೆಮಟ್ಟ ಹಿಡಿಯಿರಿ. ಬಲ್ಲ ಸೂಪರ್‌ವೈಸರ್ ಗಮನಿಸುವುದು ಈ ಐದು ನಿಮಿಷವನ್ನೇ.

ನೀವೂ ಕೇಳಬೇಕಾದ್ದಿದೆ. ಗಾರ್ಡ್‌ಗಳು ಇವೆಯಾ? ಡಸ್ಟ್ ಕಲೆಕ್ಟರ್ ಓಡುತ್ತಾ? ಓಟಿ ಲೆಕ್ಕ ಹೇಗೆ? ಎಲ್ಲಕ್ಕಿಂತ ಮುಖ್ಯವಾಗಿ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆಯಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇದು ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಹೋಗುವುದು 0.75 ಶೇಕಡಾ, ಮಾಲೀಕರದ್ದು 3.25. ಕೆಲಸದಲ್ಲಿ ಗಾಯವಾಗಿ ಮನೆಯಲ್ಲಿ ಕೂರಬೇಕಾದರೆ ದಿನಗೂಲಿಯ 90 ಶೇಕಡಾ ಸಿಗುತ್ತದೆ, ಸೇರಿದ ಮೊದಲ ದಿನದಿಂದಲೇ. ‘ಮೂರು ತಿಂಗಳು ನೋಡಿ ಆಮೇಲೆ ಮಾಡಿಸೋಣ’ ಅಂದರೆ ಒಪ್ಪಬೇಡಿ. ಹೊಸ ಮಷಿನ್, ಹೊಸ ಜಾಗ ಅಂದಾಗ ಕೈ ಪಳಗಿರುವುದಿಲ್ಲ, ಆ ಮೂರು ತಿಂಗಳಲ್ಲೇ ಅದು ನಿಮಗೆ ಜಾಸ್ತಿ ಬೇಕು. ಇಎಸ್‌ಐ ನಂಬರ್ ಕೈಗೆ ಬಂದ ದಿನ ಅದನ್ನು ಮನೆಯವರ ಮೊಬೈಲಿಗೂ ಕಳಿಸಿಡಿ.